ವೈವಾಗೆ ಬಾಯಿಪಾಠ ಮಾಡಿದರೆ ಸಾಕಾ?

ಉಡುಪಿಯ ಕಾಲೇಜು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್, ಮುಂದಿನ ವಾರ ವೈವಾ (ಮೌಖಿಕ ಪರೀಕ್ಷೆ) ಮತ್ತು ಮಿನಿ ಪ್ರಾಜೆಕ್ಟ್ ಪ್ರೆಸೆಂಟೇಶನ್. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಸೀನಿಯರ್ ಕೊಟ್ಟ ನೂರು ಪ್ರಶ್ನೆಗಳ ಪಿಡಿಎಫ್ ಬಾಯಿಪಾಠ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ನಾನು ಮಂಗಳೂರಿನಲ್ಲಿ ಇದೇ ಪಾಠ ಮಾಡುವವನು. ಆ ಪಿಡಿಎಫ್ ನಮ್ಮ ಹತ್ತಿರವೂ ಉಂಟು.

ಲಿಸ್ಟ್, ಟ್ಯೂಪಲ್ ಎರಡೂ ಪೈಥಾನ್‌ನಲ್ಲಿ ಹಲವು ಮೌಲ್ಯಗಳನ್ನು ಸಾಲಾಗಿ ಇಡುವ ಬಗೆಗಳು. ಏನು ವ್ಯತ್ಯಾಸ ಅಂದರೆ ಎಲ್ಲರೂ ಪಟಪಟ ಹೇಳುತ್ತಾರೆ: ಲಿಸ್ಟ್ ಮ್ಯೂಟಬಲ್ (ಮಾಡಿದ ಮೇಲೂ ಬದಲಾಯಿಸಬಹುದು), ಟ್ಯೂಪಲ್ ಇಮ್ಯೂಟಬಲ್ (ಬದಲಾಯಿಸಲು ಆಗುವುದಿಲ್ಲ). ಆಮೇಲೆ ನಾನು 'ಎ' ಅನ್ನುವ ಲಿಸ್ಟ್ ಮಾಡಿ, 'ಬಿ ಈಕ್ವಲ್ಸ್ ಎ' ಬರೆದು, ಬಿಗೆ ಒಂದು 5 ಅಪೆಂಡ್ ಮಾಡುತ್ತೇನೆ, ಅಂದರೆ ಕೊನೆಗೆ ಸೇರಿಸುತ್ತೇನೆ. ಈಗ ಎ ಪ್ರಿಂಟ್ ಮಾಡಿದರೆ ಏನು ಬರುತ್ತದೆ? ಅಲ್ಲಿ ಮೌನ. ಎ ಕೂಡ ಬದಲಾಗಿರುತ್ತದೆ. ಲಿಸ್ಟ್ ಇರುವುದು ಒಂದೇ, ಹೆಸರು ಎರಡು. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಪ್ರಶಾಂತ ಇದ್ದ ಹಾಗೆ. ಇಷ್ಟು ಹೇಳಿದವನಿಗೆ 'ಮ್ಯೂಟಬಲ್' ಅನ್ನುವ ಪದ ನೆನಪಾಗದಿದ್ದರೂ ನಾನು ಮಾರ್ಕ್ಸ್ ಕೊಡುತ್ತೇನೆ.

ತಾಳಮದ್ದಳೆ ನೋಡಿದ್ದೀರಲ್ವಾ, ವೇಷ ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ? ಹಾಡುವ ಪದ ಎಲ್ಲರಿಗೂ ಗೊತ್ತಿರುವುದೇ. ಆದರೆ ಎದುರಿನ ಅರ್ಥಧಾರಿ (ಪಾತ್ರವಾಗಿ ಪದದ ಅರ್ಥ ಹೇಳುವವನು) ಎಲ್ಲಿಂದ ಪ್ರಶ್ನೆ ಎಸೆಯುತ್ತಾನೆ ಅಂತ ಗೊತ್ತಿರುವುದಿಲ್ಲ. ವೈವಾನೂ ಹಾಗೇ. ಕೋಡ್ ನಿಮ್ಮ ಪದ, ಅರ್ಥ ನೀವೇ ಹೇಳಬೇಕು.

ಅದಕ್ಕೆ ತಯಾರಿ ಅಂದರೆ ನಿಮ್ಮ ಪ್ರೋಗ್ರಾಮನ್ನು ನೀವೇ ಹಾಳು ಮಾಡಿ ನೋಡುವುದು. ಬೈನರಿ ಸರ್ಚ್ ಅಂದರೆ ಸಾರ್ಟ್ ಮಾಡಿದ (ಕ್ರಮವಾಗಿ ಜೋಡಿಸಿದ) ಲಿಸ್ಟನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವುದು. ಹುಡುಕುವ ಭಾಗದ ಆರಂಭ 'ಲೋ', ಕೊನೆ 'ಹೈ'. ಅದರಲ್ಲಿ 'ಲೋ' 'ಹೈ'ಗಿಂತ ಕಡಿಮೆ ಅಥವಾ ಸಮ ಇರುವ ತನಕ ಲೂಪ್ ಓಡುತ್ತದೆ. ಆ 'ಸಮ' ತೆಗೆಯಿರಿ. ಒಂದೇ ಎಲಿಮೆಂಟ್ ಇರುವ ಲಿಸ್ಟ್‌ನಲ್ಲಿ ಅದನ್ನೇ ಹುಡುಕಿದರೂ ಸಿಗುವುದಿಲ್ಲ. ಯಾಕೆ ಅಂತ ಪೇಪರ್ ಮೇಲೆ ಬಿಡಿಸಿ. ಸಾರ್ಟ್ ಮಾಡದ ಲಿಸ್ಟ್ ಕೊಟ್ಟು ನೋಡಿ. ಮೈನಸ್ ಸಂಖ್ಯೆಯನ್ನು ಭಾಗಿಸಿಯೂ ನೋಡಿ: ಪೈಥಾನ್‌ನಲ್ಲಿ ಎರಡು ಸ್ಲ್ಯಾಶ್ ಹಾಕಿ -7ನ್ನು 2ರಿಂದ ಭಾಗಿಸಿದರೆ -4, ಸಿ ಭಾಷೆಯಲ್ಲಿ -7/2 ಅಂದರೆ -3. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು, ಮಕ್ಕಳಿಗೆ ಅಲ್ಲ.

ಚಾಟ್‌ಜಿಪಿಟಿ ಬರೆದು ಕೊಟ್ಟ ಕೋಡ್ ಇದ್ದರೆ, ವಿವರಿಸಲು ಬಾರದ ಸಾಲನ್ನು ತೆಗೆದು ನಿಮಗೆ ಗೊತ್ತಿರುವ ಹಾಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ. ಅಂಥ ಕೋಡ್‌ನಲ್ಲಿ ಲ್ಯಾಂಬ್ಡಾ (ಹೆಸರಿಲ್ಲದೆ ಒಂದೇ ಸಾಲಿನಲ್ಲಿ ಬರೆಯುವ ಫಂಕ್ಷನ್) ಇದ್ದರೆ ಅದರ ಮೇಲೇ ನಮ್ಮ ಕಣ್ಣು ಮೊದಲು ಹೋಗುತ್ತದೆ.

ಇಂಗ್ಲಿಷ್ ಬಗ್ಗೆ ಜಾಸ್ತಿ ಮಂಡೆ ಬಿಸಿ ಬೇಡ. ಸಣ್ಣ ವಾಕ್ಯ ಸಾಕು. ಸಿಕ್ಕಿಹಾಕಿಕೊಂಡರೆ "ಕನ್ನಡದಲ್ಲಿ ಹೇಳಲಾ ಸರ್?" ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ "ರನ್ ಮಾಡಿ ನೋಡಲಾ?" ಅನ್ನಿ. ಸುಮ್ನೆ ಊಹೆ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ಪ್ರೆಸೆಂಟೇಶನ್. ಪೈಥಾನ್ 1991ರಲ್ಲಿ ಬಂತು ಅಂತ ಸ್ಲೈಡ್ ಹಾಕಬೇಡಿ, ನಮಗೆ ಗೊತ್ತು. ಸಮಸ್ಯೆ ಏನು, ಡೆಮೊ, ಎಲ್ಲಿ ಕಷ್ಟವಾಯಿತು, ಅಷ್ಟೇ. ಡೆಮೊ ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮಳೆಗಾಲದಲ್ಲಿ ಇಲ್ಲಿ ಕರೆಂಟ್‌ನ ಕಥೆ ಗೊತ್ತಲ್ಲ.

ಮತ್ತೆ ಗೆಳೆಯ ಬರೆದ ಭಾಗವನ್ನೂ ಓದಿಕೊಳ್ಳಿ. ನಾನು ಓದುವಾಗ ವೈವಾದಲ್ಲಿ ಪರೀಕ್ಷಕರು ನಮ್ಮ ಪ್ರಾಜೆಕ್ಟ್‌ನ ಡೇಟಾಬೇಸ್ ಭಾಗದ ಬಗ್ಗೆ ಕೇಳಿದರು. "ಅದು ನನ್ನ ಗೆಳೆಯ ಮಾಡಿದ್ದು ಸರ್" ಅಂದೆ. "ಹಾಗಾದರೆ ಮಾರ್ಕ್ಸ್ ಕೂಡ ಅವನಿಗೇ ಹಾಕಲಾ?" ಅಂದರು. ಹಾಕಿಯೂಬಿಟ್ಟರು.