ಬೆಚ್ಚಿಬೀಳಿಸಿದ್ದು ಬಸ್ಸೋ, ಹೆಣದ ತಲೆಯೋ?

ಪ್ರಶ್ನೆ: ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ತಟ್ಟನೆ ನುಗ್ಗುವ ಬಸ್ಸು, ‘ಜಾಸ್’ನಲ್ಲಿ ದೋಣಿಯ ತೂತಿನಿಂದ ಹೊರಬರುವ ಹೆಣದ ತಲೆ. ಇವೆರಡರಲ್ಲಿ ಯಾವುದು ಮೇಲು ಅಂತ ಗೆಳೆಯರ ನಡುವೆ ವಾದ ಮುಗಿದೇ ಇಲ್ಲ. ನೀವೇನಂತೀರಿ?
– ಓದುಗರು, ಶಿವಮೊಗ್ಗ

ಉತ್ತರ: ನಮ್ಮ ಮತ ಬಸ್ಸಿಗೆ.

‘ಕ್ಯಾಟ್ ಪೀಪಲ್’ ಬಂದದ್ದು 1942ರಲ್ಲಿ. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್. ರಾತ್ರಿ ಹೊತ್ತು ಆಲಿಸ್ ಎಂಬಾಕೆ ಪಾರ್ಕಿನ ಗೋಡೆ ಪಕ್ಕದಲ್ಲಿ ಒಬ್ಬಳೇ ಹೋಗುತ್ತಿದ್ದಾಳೆ, ಹಿಂದೆ ಚಿರತೆಯಾಗಿ ಬದಲಾಗಬಲ್ಲಳೇನೋ ಎಂಬ ಶಂಕೆಯ ಇನ್ನೊಬ್ಬಳು. ಹಿನ್ನೆಲೆ ಸಂಗೀತ ಒಂದಿಷ್ಟೂ ಇಲ್ಲ. ಕೇಳುವುದು ಎರಡು ಜೊತೆ ಹೈಹೀಲ್ಸ್ ಸದ್ದು ಮಾತ್ರ. ಬೀದಿದೀಪದ ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ನೋಡುತ್ತಿದ್ದ ಹಾಗೇ ಹಿಂದಿನ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಭಯ ಶುರುವಾಗುವುದು ಇಲ್ಲಿಂದ. ಕೇಳುತ್ತಿದ್ದ ಸದ್ದು ಇಲ್ಲವಾದಾಗ ಕಿವಿ ತಾನಾಗಿಯೇ ಚುರುಕಾಗುತ್ತದೆ, ಸಣ್ಣ ಸಪ್ಪಳವನ್ನೂ ಹುಡುಕತೊಡಗುತ್ತದೆ. ಆಲಿಸ್ ಓಡಿ ದೀಪದ ಕಂಬ ಹಿಡಿದು ಹಿಂದಕ್ಕೆ ನೋಡುತ್ತಾಳೆ. ಅವಳ ಜೊತೆ ನಮ್ಮ ಕಣ್ಣೂ ಆ ಕಡೆಗೇ. ಅಷ್ಟರಲ್ಲಿ ಈ ಕಡೆಯಿಂದ ಬಸ್ಸು ಪರದೆಗೆ ನುಗ್ಗಿ ನಿಲ್ಲುತ್ತದೆ. ಏರ್‌ಬ್ರೇಕಿನ ‘ಹಿಸ್ಸ್’ ಕೇಳಿದವರಿಗೆ ಮೊದಲ ಗಳಿಗೆ ಚಿರತೆಯ ಗುರುಗುಟ್ಟಿನ ಹಾಗೇ ಅನ್ನಿಸುತ್ತದೆ. ಮೂರು ಕೆಲಸ ಒಂದೇ ಏಟಿಗೆ ಆದವು: ಕಿವಿಯನ್ನು ನಿಶ್ಶಬ್ದಕ್ಕೆ ಒಗ್ಗಿಸಿದ್ದು, ಕಣ್ಣನ್ನು ತಪ್ಪು ದಿಕ್ಕಿಗೆ ಕಳಿಸಿದ್ದು, ನಾವು ಯಾವುದಕ್ಕೆ ಹೆದರಿದ್ದೆವೋ ಅದರದ್ದೇ ದನಿಯನ್ನು ಬಸ್ಸಿಗೆ ಕೊಟ್ಟದ್ದು. ಮೂರನೆಯದನ್ನು ಆಮೇಲೆ ಬಂದವರಲ್ಲಿ ಬಹಳ ಮಂದಿ ಮರೆತರು. ಇಂಥ ಹುಸಿಭಯಕ್ಕೆ ಸಿನಿಮಾ ಮಂದಿ ಇಂದಿಗೂ ‘ಲ್ಯೂಟನ್ ಬಸ್’ ಅನ್ನುತ್ತಾರೆ. ಆದರೆ ಬೀರುವಿನಿಂದ ಬೆಕ್ಕು ಹಾರಿಸಿಬಿಟ್ಟರೆ ಅದು ಲ್ಯೂಟನ್ ಬಸ್ ಆಗಿಬಿಡುವುದಿಲ್ಲ.

‘ಜಾಸ್’ (1975) ವಿಷಯಕ್ಕೆ ಬರೋಣ. ಮೊದಲು ತೆಗೆದ ಶಾಟ್ ಸ್ಪೀಲ್‌ಬರ್ಗ್‌ಗೆ ಸಾಲದೆನಿಸಿ, ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಮನೆಯ ಈಜುಕೊಳದಲ್ಲೇ ಮತ್ತೆ ಚಿತ್ರೀಕರಿಸಿದರು. ತಿಳಿನೀರು ಸಮುದ್ರದ ನೀರಿನಂತೆ ಮಬ್ಬಾಗಲೆಂದು ಹಾಲಿನ ಪುಡಿ ಕದಡಿದರು. ಖರ್ಚಾದ 3000 ಡಾಲರ್ ನಿರ್ದೇಶಕರದ್ದೇ. ಕಣ್ಣು ತಪ್ಪಿಸುವ ಕೆಲಸ ಇಲ್ಲಿ ಚೊಕ್ಕವಾಗಿ ಆಗಿದೆ: ಹೂಪರ್ ದೋಣಿಯ ತೂತಿನಿಂದ ಶಾರ್ಕ್ ಹಲ್ಲು ಕಿತ್ತು ನೋಡುತ್ತಾನೆ, ನಾವೂ ಹಲ್ಲನ್ನೇ ನೋಡುತ್ತೇವೆ, ಅದೇ ತೂತಿನಲ್ಲಿ ತಲೆ ಬರುತ್ತದೆ. ಜೊತೆಗೆ ಸಂಗೀತ ಚೀರುತ್ತದೆ. ಆ ಚೀರಾಟದಿಂದಲೇ ಅರ್ಧ ಕೆಲಸ ಆಗಿಹೋಯಿತು ಅನ್ನುವುದು ನಮ್ಮ ತಕರಾರು.

ಅದೇ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯದೊಂದಿದೆ. ಬ್ರೋಡಿ ಬಾಯಲ್ಲಿ ಸಿಗರೇಟಿಟ್ಟುಕೊಂಡು, ಮುಖ ಈ ಕಡೆ ತಿರುಗಿಸಿ ಗೊಣಗುತ್ತ ನೀರಿಗೆ ಮೀನಿನ ಚೂರು ಎಸೆಯುತ್ತಿರುವಾಗ, ಅವನ ಬೆನ್ನ ಹಿಂದೆ ಶಾರ್ಕ್ ತಲೆಯೆತ್ತುತ್ತದೆ. ಅಲ್ಲಿಯತನಕ ಶಾರ್ಕ್ ಬರುವಾಗೆಲ್ಲ ಕೇಳಿಸುತ್ತಿದ್ದ ಆ ಎರಡು ಸ್ವರದ ಸಂಗೀತ ಇಲ್ಲಿ ಮುನ್ಸೂಚನೆ ಕೊಡುವುದೇ ಇಲ್ಲ. ವಾದಕ್ಕೆ ಇದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ‘ಎಕ್ಸಾರ್ಸಿಸ್ಟ್ 3’ರ ಆಸ್ಪತ್ರೆ ದೃಶ್ಯವನ್ನು ಯಾಕಿಷ್ಟು ಹೊಗಳುತ್ತಾರೆ? ನಾನು ನೋಡಿದ್ದು ಒಂದು ನಿಮಿಷದ ತುಣುಕು. ಏನೂ ಅನ್ನಿಸಲಿಲ್ಲ.
– ಓದುಗರು, ಕಲಬುರಗಿ

ಉತ್ತರ: ತುಣುಕು ನೋಡಿದ್ದರಿಂದಲೇ ಕೆಟ್ಟಿತು. 1990ರ ಈ ಚಿತ್ರದಲ್ಲಿ ನಿರ್ದೇಶಕ ವಿಲಿಯಂ ಪೀಟರ್ ಬ್ಲಾಟಿ ಕ್ಯಾಮೆರಾವನ್ನು ಉದ್ದನೆಯ ಕಾರಿಡಾರಿನ ಒಂದು ತುದಿಯಲ್ಲಿಟ್ಟು ಅಲ್ಲಾಡಿಸುವುದೇ ಇಲ್ಲ. ದೂರದಲ್ಲಿ ನರ್ಸ್ ಓಡಾಡುತ್ತಾಳೆ, ಕಾವಲುಗಾರರು ಬರುತ್ತಾರೆ, ಹೋಗುತ್ತಾರೆ. ನಡುವೆ ಒಂದು ಸದ್ದು. ನರ್ಸ್ ಕೋಣೆಯೊಳಗೆ ಹೋಗಿ ನೋಡಿದರೆ ಲೋಟದಲ್ಲಿ ಐಸು ಬಿರುಕುಬಿಟ್ಟದ್ದು. ಅಷ್ಟರಲ್ಲಿ ಮಲಗಿದ್ದ ರೋಗಿ ಎದ್ದು ಕೂಗುತ್ತಾನೆ. ಒಂದು ಸಲ ಬೆಚ್ಚಿದೆವು, ಇನ್ನು ಮುಗಿಯಿತು ಅಂದುಕೊಳ್ಳುತ್ತೇವೆ. ಮತ್ತೆ ಅದೇ ಕಾರಿಡಾರ್, ಅದೇ ದೂರ. ಅವಳು ಬಾಗಿಲು ಹಾಕಿ ತಿರುಗಿದ್ದೇ ತಡ, ಬಿಳಿ ಬಟ್ಟೆ ಹೊದ್ದ ಆಕೃತಿ ದೊಡ್ಡ ಕತ್ತರಿ ಚಾಚಿಕೊಂಡು ಅವಳ ಬೆನ್ನಿಗೆ ಬೀಳುತ್ತದೆ, ಕ್ಯಾಮೆರಾ ರಪ್ಪನೆ ಝೂಮ್ ಆಗುತ್ತದೆ. ಏಟು ಬೀಳುವುದನ್ನು ತೋರಿಸದೆ ತಲೆಯಿಲ್ಲದ ಶಿಲ್ಪಕ್ಕೆ ಕಟ್.

ಅಷ್ಟು ಹೊತ್ತು ನಿಂತಲ್ಲೇ ನಿಂತಿದ್ದ ಕ್ಯಾಮೆರಾ ಹೀಗೆ ನುಗ್ಗೀತು ಎಂದು ಯಾರೂ ಎಣಿಸಿರುವುದಿಲ್ಲ. ತುಣುಕಿನಲ್ಲಿ ಆ ಕಾಯುವಿಕೆಯನ್ನೇ ಕತ್ತರಿಸಿರುತ್ತಾರೆ. ಐದು ನಿಮಿಷ ಮೊದಲಿಂದ ಹಾಕಿ ನೋಡಿ.

ಪ್ರಶ್ನೆ: ಹತ್ತು ಸಲ ನೋಡಿದ್ದರೂ ‘ಕ್ಯಾರಿ’ಯ ಕೊನೆಯಲ್ಲಿ ಗೋರಿಯಿಂದ ಆ ಕೈ ಬಂದಾಗ ಬೆಚ್ಚಿಬೀಳುತ್ತೇನೆ. ಗೊತ್ತಿದ್ದೂ ಹೀಗೇಕೆ?
– ಓದುಗರು, ಉಡುಪಿ

ಉತ್ತರ: ಬೆಚ್ಚುವುದು ಆಲೋಚಿಸಿ ಮಾಡುವ ಕೆಲಸವಲ್ಲ. ದೊಡ್ಡ ಸದ್ದು ಕಿವಿಗೆ ಬಿದ್ದ ಮೇಲೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ರೆಪ್ಪೆ ಮುಚ್ಚತೊಡಗುತ್ತದೆ. ಆ ಸಂದೇಶ ಮಿದುಳಿನ ಬುಡದಿಂದಲೇ ಹೊರಟಿರುತ್ತದೆ. 1939ರಲ್ಲಿ ಪುಸ್ತಕವಾಗಿ ಬಂದ ಲ್ಯಾಂಡಿಸ್ ಮತ್ತು ಹಂಟ್ ಅವರ ಅಧ್ಯಯನದಲ್ಲಿ ಪಿಸ್ತೂಲಿನ ಸದ್ದು ಮಾಡಿ ಜನ ಬೆಚ್ಚುವುದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಸದ್ದು ಮರುಕಳಿಸಿದಂತೆ ಮೈ ಕುಗ್ಗುವುದು ಕಡಿಮೆಯಾಗುತ್ತದೆ, ರೆಪ್ಪೆ ಮಾತ್ರ ಮುಚ್ಚಿಯೇ ಮುಚ್ಚುತ್ತದೆ.

‘ಕ್ಯಾರಿ’ಯಲ್ಲಿ (1976) ಇನ್ನೂ ಒಂದು ಉಪಾಯವಿದೆ. ಕಥೆ ಮುಗಿದಂತಿದೆ, ಪೀನೋ ದೊನಾಜಿಯೋ ಅವರ ಸಂಗೀತ ಜೋಗುಳದಷ್ಟು ಮೆದು, ಸ್ಯೂ ಹೂ ಹಿಡಿದು ಬರುತ್ತಾಳೆ. ಅವಳ ನಡಿಗೆ ಏನೋ ವಿಚಿತ್ರ ಅನ್ನಿಸಿರಬೇಕಲ್ಲ? ಸ್ಯೂ ಪಾತ್ರದ ಏಮಿ ಇರ್ವಿಂಗ್ ಹಿಮ್ಮುಖವಾಗಿ ನಡೆದದ್ದನ್ನು ತಿರುಗಿಸಿ ಓಡಿಸಿದ್ದಾರೆ. ಮುಂದಿನ ಸಲ ಹಿನ್ನೆಲೆಯಲ್ಲಿ ಹಿಂದಕ್ಕೆ ಓಡುವ ಕಾರನ್ನು ಗಮನಿಸಿ. ಇದು ಕನಸೆಂದು ಮನಸ್ಸಿಗೆ ಗೊತ್ತಾಗುವ ಮೊದಲೇ ಕಣ್ಣಿಗೆ ಗೊತ್ತಾಗಿರುತ್ತದೆ. ಆ ಕೈ ಕೂಡ ಕ್ಯಾರಿ ಪಾತ್ರದ ಸಿಸ್ಸಿ ಸ್ಪೇಸೆಕ್ ಅವರದ್ದೇ, ಬೇರೆಯವರ ಕೈ ಅಲ್ಲ.

ಪ್ರಶ್ನೆ: ಹಾಸ್ಟೆಲ್ ಕಾರಿಡಾರಿನಲ್ಲಿ ಮೊಬೈಲಿನಿಂದ ಕಿರುಚಿತ್ರ ಮಾಡುತ್ತಿದ್ದೇವೆ. ಬೆಚ್ಚಿಬೀಳಿಸುವ ಜಾಗದಲ್ಲಿ ಎಲ್ಲರೂ ನಗುತ್ತಾರೆ. ಎಲ್ಲಿ ತಪ್ಪಿದ್ದೇವೆ?
– ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಹೆಚ್ಚಾಗಿ ಸದ್ದಿನಲ್ಲಿ ತಪ್ಪಿರುತ್ತದೆ. ‘ಏನೋ ಬರುತ್ತಿದೆ’ ಎನ್ನುವ ಗುಂಯ್‌ಗುಡುವ ಸಂಗೀತವಿದ್ದರೆ ಮೊದಲು ತೆಗೆದುಹಾಕಿ. ಅದರ ಬದಲು ಆ ಕಾರಿಡಾರಿನ ಖಾಲಿ ಸದ್ದನ್ನೇ, ಫ್ಯಾನು, ನಲ್ಲಿ ಏನಿದ್ದರೂ ಸರಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೆಳಗೆ ಹಾಸಿ. ಬೆಚ್ಚಿಸುವ ಕ್ಷಣಕ್ಕೆ 8–10 ಸೆಕೆಂಡು ಮೊದಲು ಅದನ್ನೂ ಮೆಲ್ಲಗೆ ಇಳಿಸಿ. ದೊಡ್ಡ ಸದ್ದು ಅದಕ್ಕಿಂತ ಸುಮಾರು 20 ಡೆಸಿಬಲ್ ಮೇಲಿರಲಿ, ಆದರೆ ಮೀಟರು ಕೆಂಪು ಮುಟ್ಟಬಾರದು, ಒಡಕು ದನಿ ಕೇಳಿದರೆ ಜನ ನಗುತ್ತಾರೆ. ಆ ಸದ್ದನ್ನು ಮೆಲ್ಲಗೆ ಏರಿಸುವ ಫೇಡ್ ಹಾಕಲೇಬೇಡಿ.

ಎರಡನೆಯದು ಹೊಂದಿಕೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಸದ್ದು ಮೂರ್ನಾಲ್ಕು ಫ್ರೇಮ್ ಮೊದಲೇ ಬಂದರೆ ನೋಡುವವರ ರೆಪ್ಪೆ ಮುಚ್ಚಿಬಿಟ್ಟಿರುತ್ತದೆ, ನಿಮ್ಮ ದೆವ್ವ ಕಾಣುವುದೇ ಇಲ್ಲ. ಚಿತ್ರ ಬದಲಾಗುವ ಫ್ರೇಮಿಗೇ ಸದ್ದನ್ನು ಕೂರಿಸಿ, ಮುಖವನ್ನು ಕಡಿಮೆಯೆಂದರೆ 12 ಫ್ರೇಮ್ ನಿಲ್ಲಿಸಿ.

ಮೂರನೆಯದು ಗಾತ್ರ. ‘ಸೈಕೋ’ದಲ್ಲಿ (1960) ಪತ್ತೇದಾರ ಆರ್ಬೊಗ್ಯಾಸ್ಟ್ ಮೆಟ್ಟಿಲು ಹತ್ತುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹಿಚ್‌ಕಾಕ್ ಕ್ಯಾಮೆರಾವನ್ನು ಛಾವಣಿಗೆ ಏರಿಸಿ ಇಬ್ಬರನ್ನೂ ಪುಟ್ಟದಾಗಿ ತೋರಿಸಿ, ಕೂಡಲೇ ಪರದೆ ತುಂಬ ಮುಖಕ್ಕೆ ಕಟ್ ಮಾಡುತ್ತಾರೆ. ಸಂಗೀತ ನಿರ್ದೇಶಕ ಹರ್ಮನ್ ಅವರ ಪಿಟೀಲುಗಳು ಚೀರುವುದೂ ಅಲ್ಲೇ. ನೀವು ಮಿಡ್ ಶಾಟಿನಿಂದ (ಸೊಂಟದಿಂದ ಮೇಲೆ ಕಾಣುವ ಶಾಟ್) ಮಿಡ್ ಶಾಟಿಗೆ ಕಟ್ ಮಾಡಿದ್ದರೆ ಏನೂ ಆಗದಿರುವುದು ಸಹಜ.

ಇಷ್ಟು ಮಾಡಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರನ್ನು ಹೆಡ್‌ಫೋನ್ ಹಾಕಿಸಿ ಕೂರಿಸಿ. ಮೊಬೈಲಿನ ಸ್ಪೀಕರಿನಲ್ಲಿ ಪರೀಕ್ಷೆ ಮಾಡಬೇಡಿ, ಅದರಲ್ಲಿ ಮೆಲುದನಿ ಕೇಳುವುದೇ ಇಲ್ಲ.

ಪ್ರಶ್ನೆ: ಹೊಸ ಟಿವಿಯಲ್ಲಿ ಹಳೆಯ ಭಯಾನಕ ಚಿತ್ರಗಳು ಸಪ್ಪೆ ಅನ್ನಿಸುತ್ತಿವೆ.
– ಓದುಗರು, ಮೈಸೂರು

ಉತ್ತರ: ಸೌಂಡ್ ಸೆಟ್ಟಿಂಗಿನಲ್ಲಿ ‘ಆಟೋ ವಾಲ್ಯೂಮ್’ ಅಥವಾ ‘ನೈಟ್ ಮೋಡ್’ ಆನ್ ಆಗಿರಬಹುದು. ಅದು ಪಿಸುಮಾತನ್ನು ಏರಿಸಿ ಚೀತ್ಕಾರವನ್ನು ಇಳಿಸುತ್ತದೆ, ಆಫ್ ಮಾಡಿ. ಕೋಣೆಯ ದೀಪವನ್ನೂ ಆರಿಸಿ. 1967ರಲ್ಲಿ ‘ವೇಟ್ ಅಂಟಿಲ್ ಡಾರ್ಕ್’ ಬಿಡುಗಡೆಯಾದಾಗ, ಕೊನೆಯ ಎಂಟು ನಿಮಿಷ ಕಾನೂನು ಒಪ್ಪುವಷ್ಟರ ಮಟ್ಟಿಗೆ ಥಿಯೇಟರಿನ ದೀಪಗಳನ್ನು ಆರಿಸುತ್ತೇವೆಂದು ಜಾಹೀರಾತಿನಲ್ಲೇ ಹೇಳಿದ್ದರು. ಸತ್ತನೆಂದುಕೊಂಡ ಖಳ ರೋಟ್ ಕತ್ತಲಿಂದ ಹಾರುವ ದೃಶ್ಯವನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಅವನು ಹಾರುವ ಮೊದಲೇ ಟಿವಿ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತಿರುತ್ತದೆ.