ಆನೆಮರಿಗೆ ಜ್ವರ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಎರಡು ಸಾಲಿನಲ್ಲಿ ಮುಗಿಸುವ ಉತ್ತರವಲ್ಲ ಅಂತ ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಓದುಗರಿಗಾಗಿ ನಿಮ್ಮ ದೂರು ಇಷ್ಟು: ನಮ್ಮ ಮಕ್ಕಳ ಪುಟಗಳಲ್ಲಿ ಚಿತ್ರ ಜಾಸ್ತಿಯಾಗಿ ಅಕ್ಷರ ಕಡಿಮೆಯಾಗಿದೆ. ನಿಮ್ಮ ನಾಲ್ಕೂವರೆ ವರ್ಷದ ಮೊಮ್ಮಗ ಅಕ್ಷರದ ಕಡೆ ಕಣ್ಣೇ ಹಾಯಿಸುವುದಿಲ್ಲ, ಚಿತ್ರ ನೋಡಿ ತೋಚಿದ ಕಥೆ ಹೇಳುತ್ತಾನೆ. ‘ಆನೆಮರಿ ಮಲಗಿತು’ ಅಂತ ಅಚ್ಚಾಗಿದ್ದರೆ ‘ಆನೆಮರಿಗೆ ಜ್ವರ’ ಅನ್ನುತ್ತಾನೆ. ಮೂವತ್ತು ವರ್ಷ ಸ್ಲೇಟು ಬಳಪ ಹಿಡಿಸಿ ಕಾಗುಣಿತ ಕಲಿಸಿದ ನಿಮಗೆ ಇದು ಸೋಮಾರಿತನ ಅನ್ನಿಸಿದೆ.

ಕಾಗದ ಓದಿದ ಮೇಲೆ ಆ ಸಂಚಿಕೆ ತೆಗೆದು ನೋಡಿದೆ. ಆನೆಮರಿಯ ಕಣ್ಣು ಅರ್ಧ ತೆರೆದಿದೆ. ಸೊಂಡಿಲು ಮಂಚದಿಂದ ಕೆಳಗೆ ಜೋತುಬಿದ್ದಿದೆ. ಕತ್ತಿನವರೆಗೆ ಕಂಬಳಿ, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ, ಕಿಟಕಿಯಲ್ಲಿ ಬಿಸಿಲು. ಹಟ್ಟ ಹಗಲಲ್ಲಿ ಕಂಬಳಿ ಹೊದ್ದು ಕಣ್ಣು ಬಿಟ್ಟುಕೊಂಡು ಮಲಗಿದವರಿಗೆ ಏನಾಗಿರುತ್ತದೆ ಹೇಳಿ? ನನಗಂತೂ ಈಗ ಅದು ಜ್ವರವೇ. ಕಥೆ ಬರೆದವರಿಗಿಂತ ನಿಮ್ಮ ಮೊಮ್ಮಗನೇ ಸರಿ. ನಾಲ್ಕು ಗುರುತು ಕೂಡಿಸಿ ಒಂದು ಅರ್ಥ ಹಿಡಿದಿದ್ದಾನೆ. ನಾಳೆ ಅಕ್ಷರ ಬಂದ ಮೇಲೂ ಅವನು ಮಾಡಬೇಕಾದ ಕೆಲಸ ಇದೇ ಅಲ್ವಾ?

ಅಕ್ಷರದ ಕಡೆ ನೋಡುವುದಿಲ್ಲ ಅಂದಿರಿ. ಆ ವಯಸ್ಸಿನಲ್ಲಿ ಯಾರೂ ಅಷ್ಟಾಗಿ ನೋಡುವುದಿಲ್ಲ. ಕೆನಡಾದಲ್ಲಿ ಇಬ್ಬರು ಸಂಶೋಧಕರು ನಾಲ್ಕೈದು ವರ್ಷದ ಮಕ್ಕಳಿಗೆ ಕಥೆ ಓದಿ ಹೇಳುವಾಗ ಅವರ ಕಣ್ಣು ಎಲ್ಲಿ ಓಡುತ್ತದೆ ಅಂತ ಯಂತ್ರವಿಟ್ಟು ನೋಡಿದರು. 2005ರಲ್ಲಿ ಅದು ಪ್ರಕಟವಾಯಿತು. ಕಣ್ಣೆಲ್ಲ ಚಿತ್ರದ ಮೇಲೆ, ಅಕ್ಷರದ ಮೇಲೆ ಅಪರೂಪಕ್ಕೊಮ್ಮೆ. ಅಂದರೆ ಚಿತ್ರಪುಸ್ತಕ ಅಕ್ಷರ ಕಲಿಸುತ್ತದೆ ಅಂತ ಹೇಳುವವರ ಮಾತನ್ನು ನಾನೂ ಪೂರ್ತಿ ಒಪ್ಪುವುದಿಲ್ಲ. ಕಾಗುಣಿತ ಬೇಕು, ಸ್ಲೇಟೂ ಇರಲಿ. ಆದರೆ ಆ ಕೆಲಸವನ್ನು ಕಥೆಯ ತಲೆ ಮೇಲೆ ಹೇರಬೇಡಿ.

ಅದರಲ್ಲೂ ಕನ್ನಡದ ಮಗುವಿಗೆ ಚಿತ್ರದ ಊರುಗೋಲು ಇಂಗ್ಲಿಷಿನ ಮಗುವಿಗಿಂತ ಜಾಸ್ತಿ ದಿನ ಬೇಕು. ನೀವೇ ಕಲಿಸಿದವರು, ನಿಮಗೆ ಹೇಳಬೇಕಾ. 34 ವ್ಯಂಜನ, ಒಂದೊಂದಕ್ಕೂ ಸಾಲುದ್ದ ಗುಣಿತ, ಅಲ್ಲಿಗೇ ರೂಪಗಳು 400 ದಾಟುತ್ತವೆ, ಆಮೇಲೆ ಒತ್ತಕ್ಷರ. ಪ, ಷ, ಫ, ಘ ಬರೆದಿಟ್ಟು ಐದು ವರ್ಷದ ಮಗುವಿನ ಮುಖ ನೋಡಿ. ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡಿದ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದರು: ನಮ್ಮ ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಮೂರನೇ ನಾಲ್ಕನೇ ತರಗತಿಯಾದರೂ ಬೇಕು. ಅಲ್ಲಿಯವರೆಗೆ ಮಗುವಿನ ತಲೆಯಲ್ಲಿ ಓಡುವ ಕಥೆ ದೊಡ್ಡದು, ಮಗು ಒಂಟಿಯಾಗಿ ಓದಬಲ್ಲ ವಾಕ್ಯ ‘ಕಮಲ ಬಸವ’ದಷ್ಟು ಚಿಕ್ಕದು. ಇಷ್ಟು ವರ್ಷ ಕಥೆಯನ್ನು ಯಾರು ಹೊತ್ತುಕೊಂಡಿರಬೇಕು? ಚಿತ್ರವೇ ಹೊರಬೇಕು.

ಹಾಗಂತ ಚಿತ್ರ ಇದ್ದ ಮಾತ್ರಕ್ಕೆ ಅದು ಚಿತ್ರಪುಸ್ತಕ ಅಲ್ಲ. ‘ಕಾಗೆ ಮರದ ಮೇಲೆ ಕೂತಿತ್ತು’ ಅಂತ ಬರೆದು ಮರ, ಕಾಗೆ ಎರಡನ್ನೂ ಬಿಡಿಸಿಟ್ಟರೆ ಅದು ಸುಮ್ನೆ ಅಲಂಕಾರ. ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ ಅಂತ 1968ರ ಇಂಗ್ಲಿಷ್ ಪುಸ್ತಕವಿದೆ. ಒಂದು ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿಳಿದು ಊಟದ ಹೊತ್ತಿಗೆ ಮನೆ ಸೇರುತ್ತದೆ. ಮಾತಿನಲ್ಲಿರುವುದು ಅಷ್ಟೇ. ಆದರೆ ಚಿತ್ರದಲ್ಲಿ ಮೊದಲಿನಿಂದಲೂ ಒಂದು ನರಿ ಹಿಂದೆ ಬಿದ್ದಿದೆ! ಕುಂಟೆಯ ಹಿಡಿ ನರಿಯ ಮುಖಕ್ಕೆ ಬಡಿಯುತ್ತದೆ, ನರಿ ಕೊಳಕ್ಕೆ ಬೀಳುತ್ತದೆ, ಜೇನುಹುಳ ಅಟ್ಟಿಸಿಕೊಂಡು ಬರುತ್ತವೆ. ಇಡೀ ಪುಸ್ತಕದ ಮಾತಿನಲ್ಲಿ ‘ನರಿ’ ಅನ್ನುವ ಶಬ್ದವೇ ಇಲ್ಲ. ಓದಿ ಹೇಳುವ ತಾತನಿಗೆ ಗೊತ್ತಿಲ್ಲದ ಗುಟ್ಟು ತನಗೆ ಗೊತ್ತು ಅನ್ನುವ ಖುಷಿ ಮಗುವಿಗೆ. ಅಂಥ ಖುಷಿಗೇ ಅದು ಮತ್ತೆ ಮತ್ತೆ ಅದೇ ಪುಸ್ತಕ ತರುತ್ತದೆ.

ಕನ್ನಡದಲ್ಲಿ ಇಂಥವು ಯಾಕೆ ಕಡಿಮೆ? ನಮ್ಮ ಮಕ್ಕಳ ಸಾಹಿತ್ಯ ಬೆಳೆದದ್ದು ಕಿವಿಯಿಂದ. ಪಂಜೆಯವರು, ರಾಜರತ್ನಂ, ಅವರ ಪದ್ಯಗಳಿಗೆ ಚಿತ್ರದ ಹಂಗೇ ಇಲ್ಲ, ಹೇಳಿಕೊಂಡರೆ ಸಾಕು ಕುಣಿಯುತ್ತವೆ. ಇನ್ನೊಂದು ಕಾರಣ ದುಡ್ಡು. ನಾಲ್ಕು ಬಣ್ಣದ ಮುದ್ರಣ ದುಬಾರಿ. ಹಾಗಾಗಿ ಹಲವು ಪ್ರಕಾಶಕರು ಒಂದೇ ಚಿತ್ರವನ್ನು ಹತ್ತು ಭಾಷೆಗೆ ಬಳಸುತ್ತಾರೆ, ಅಕ್ಷರವಿರುವ ಕಪ್ಪು ಬಣ್ಣದ ಅಚ್ಚುಫಲಕ (ಪ್ಲೇಟ್) ಮಾತ್ರ ಬದಲಾಗುತ್ತದೆ. ಖರ್ಚು ಉಳಿಯುತ್ತದೆ ನಿಜ. ಆದರೆ ಇಂಗ್ಲಿಷಿಗೆ ಬಿಟ್ಟ ಜಾಗದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಇರುವ ನಮ್ಮ ಸಾಲು ಹಿಡಿಸಬೇಕಲ್ಲ! ಅಕ್ಷರ ಕುಗ್ಗುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಿಮ್ಮ ಸಿಟ್ಟು ಇದರ ಮೇಲಿದ್ದಿದ್ದರೆ ನಾನು ಕಣ್ಣುಮುಚ್ಚಿ ಒಪ್ಪುತ್ತಿದ್ದೆ.

ನಮ್ಮದೂ ತಪ್ಪಿದೆ. ಒಂದು ಸಲ ನಮ್ಮ ಕಥೆಯಲ್ಲಿ ಅಜ್ಜಿ ಕೊಡೆ ಹಿಡಿದು ಬಸ್ ಹತ್ತಿದರು, ಮುಂದಿನ ಪುಟದಲ್ಲಿ ಇಳಿಯುವಾಗ ಕೊಡೆ ಇಲ್ಲ. ಕರಡು ತಿದ್ದಿದ ಮೂವರೂ ಕಾಗುಣಿತ ನೋಡಿದೆವು, ಕೊಡೆ ನೋಡಲಿಲ್ಲ. ಸಂಚಿಕೆ ಹೊರಬಂದ ಎರಡನೇ ದಿನ ಒಬ್ಬ ಪುಟ್ಟ ಹುಡುಗಿ ಅಪ್ಪನ ಕೈಲಿ ಫೋನ್ ಮಾಡಿಸಿದಳು, ‘ಅಜ್ಜಿ ಕೊಡೆ ಬಸ್ಸಲ್ಲೇ ಬಿಟ್ರಾ?’ ಅಂತ. ಅವಳಿಗೆ ಇನ್ನೂ ಓದಲು ಬರುವುದಿಲ್ಲವಂತೆ.

ಮೇಷ್ಟ್ರೇ, ನೀವೂ ಚಿತ್ರ ನೋಡಿಯೇ ಬೆಳೆದವರು ಅನ್ನಿಸುತ್ತದೆ. ‘ಚಂದಮಾಮ’ ಕನ್ನಡಕ್ಕೆ ಬಂದದ್ದು 1949ರಲ್ಲಿ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮ, ಶಂಕರ್ ಬರೆದ ಆ ಚಿತ್ರ ಕಣ್ಣಿಗೆ ಕಟ್ಟಿಲ್ಲವೇ? ಬೇತಾಳ ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ನೆನಪಿವೆ?

ಒಂದೇ ಒಂದು ಕೋರಿಕೆ. ಸಂಜೆ ಪುಸ್ತಕ ಹಿಡಿದು ಕೂತಾಗ ಬೆರಳಿಟ್ಟು ‘ಇದು ಯಾವ ಅಕ್ಷರ?’ ಅಂತ ಕೇಳಬೇಡಿ. ‘ಇದೇನು?’ ಅಂತಲೂ ಬೇಡ, ‘ಆನೆ’ ಅಂತ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ‘ಯಾಕೆ ಹೀಗೆ ಮಲಗಿದೆ?’ ಅಂತ ಕೇಳಿ, ಅವನು ಹೇಳಿದ್ದಕ್ಕೆ ನೀವೂ ಒಂದು ಮಾತು ಸೇರಿಸಿ. ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಮೊಬೈಲಿನಲ್ಲಿ ನೋಡುವುದಕ್ಕಿಂತ ಪ್ರಿಂಟ್ ತೆಗೆಸಿ ಹೊಲಿದರೆ ಇನ್ನೂ ಚೆನ್ನ.

ಅಂದಹಾಗೆ, ಆ ಕಥೆಯ ಕೊನೆಯ ಪುಟದಲ್ಲಿ ಆನೆಮರಿ ಮಳೆಯಲ್ಲಿ ನಿಂತಿದೆ, ಕಂಬಳಿ ಬೇಲಿಯ ಮೇಲಿದೆ. ಜ್ವರ ಬಂದವನು ಮಳೆಯಲ್ಲಿ ಯಾಕೆ ನಿಂತ ಅನ್ನುವುದಕ್ಕೆ ನಿಮ್ಮ ಮೊಮ್ಮಗ ಏನಂದ? ಅದನ್ನು ನೀವು ಬರೆಯಲೇ ಇಲ್ಲ. ಬರೆದು ಕಳಿಸಿ, ನಮ್ಮ ಆಫೀಸಿನಲ್ಲಿ ಎಲ್ಲರೂ ಕಾಯುತ್ತಿದ್ದೇವೆ.

ನಿಮ್ಮ,
ಸಂಪಾದಕ