ಶನಿವಾರದ ರಾತ್ರಿ ಒದ್ದೆಯಾಗುವ ಹಾಸಿಗೆ: ಆರು ವರ್ಷದ ಬಾಲಕ ಮತ್ತು ಡರ್ಟ್ ಬೈಕ್

ಈ ಪ್ರಕರಣವನ್ನು ಬರೆಯಲು ಬಾಲಕನ ತಂದೆತಾಯಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಾಲಕನನ್ನು ಪುಟ್ಟ ಎಂದೇ ಬರೆಯುತ್ತೇನೆ.

ಮಲೆನಾಡಿನ ಕಾಫಿ ತೋಟವೊಂದರ ಈ ಕುಟುಂಬ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಬಳಿಗೆ ಬಂದದ್ದು ಆಗಸ್ಟ್ ಕೊನೆಯ ವಾರದಲ್ಲಿ. ಬಂದ ಕಾರಣ ಬೈಕ್ ಆಗಿರಲಿಲ್ಲ. ಆರು ವರ್ಷ ತುಂಬಿದ, ಎರಡು ವರ್ಷಗಳಿಂದ ಒಂದು ರಾತ್ರಿಯೂ ಹಾಸಿಗೆ ಒದ್ದೆ ಮಾಡಿಕೊಳ್ಳದಿದ್ದ ಹುಡುಗ ಒಂದು ತಿಂಗಳಿಂದ ಮತ್ತೆ ಒದ್ದೆ ಮಾಡಿಕೊಳ್ಳತೊಡಗಿದ್ದ. ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡು ನನ್ನಲ್ಲಿಗೆ ಕಳುಹಿಸಿದ್ದರು. ಯಾವ ಯಾವ ರಾತ್ರಿ ಹೀಗಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದ ತಾಯಿ ಆ ಹಾಳೆಯನ್ನೇ ಕಿತ್ತು ತಂದಿದ್ದರು. ಹೆಚ್ಚಿನ ಗುರುತುಗಳು ಶನಿವಾರದ ಸಾಲಿನಲ್ಲಿದ್ದವು. ಭಾನುವಾರ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಹೋಗಿರುತ್ತಾನೆ ಎಂದೂ ಹೇಳಿದರು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ. ತಾಯಿ ಗಂಡನ ಮುಖ ನೋಡಿದರು. "ಬೈಕ್ ಪ್ರಾಕ್ಟೀಸ್ ಮೇಡಂ," ಎಂದರು ತಂದೆ.

ತಂದೆ ತಮ್ಮ ಇಪ್ಪತ್ತರ ವಯಸ್ಸಿನಲ್ಲಿ ಸುತ್ತಲಿನ ಊರುಗಳ ಡರ್ಟ್ ಟ್ರ್ಯಾಕ್, ಅಂದರೆ ಮಣ್ಣಿನ ಹಾದಿಯ ಸ್ಪರ್ಧೆಗಳಲ್ಲಿ ಬೈಕ್ ಓಡಿಸಿದವರು. ಕಪ್‌ಗಳು ಈಗಲೂ ಪಡಸಾಲೆಯ ಗಾಜಿನ ಬೀರುವಿನಲ್ಲಿವೆಯಂತೆ. ಮಗನ ಆರನೆಯ ಹುಟ್ಟುಹಬ್ಬಕ್ಕೆ 49 ಸಿಸಿಯ ಪುಟ್ಟ ಟೂ-ಸ್ಟ್ರೋಕ್ ಬೈಕ್ ತಂದಿದ್ದರು. ಹಗ್ಗ ಎಳೆದರೆ ಚಾಲೂ ಆಗುವ, ಗೇರ್ ಇಲ್ಲದ, ಸೈಕಲ್ಲಿನಂತೆ ಎರಡು ಬ್ರೇಕುಗಳೂ ಕೈಯಲ್ಲೇ ಇರುವ ಮಾದರಿ ಅದು. ಪುಟ್ಟನ ತೂಕ 19 ಕಿಲೋ, ಬೈಕಿನದು ಅದಕ್ಕಿಂತ ಹೆಚ್ಚು. ಕಲಿಸಲು ಆರಿಸಿಕೊಂಡ ಜಾಗ ಕಾಫಿ ಒಣಗಿಸುವ ಸಿಮೆಂಟ್ ಕಣ. ಮಳೆಗಾಲದಲ್ಲಿ ಕಣ ಖಾಲಿಯಿರುತ್ತದೆ, ನೆಲ ಸಮತಟ್ಟು, ಗಾಡಿಗಳ ಓಡಾಟವಿಲ್ಲ ಎಂಬ ಅವರ ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಆದರೆ ಜುಲೈ ಮಳೆಗೆ ಕಣದ ಮೇಲೆ ಪಾಚಿ ಕಟ್ಟಿತ್ತು. ಮೂರನೆಯ ಭಾನುವಾರ ಬೈಕ್ ನಿಲ್ಲದೆ ಕಣದ ಅಂಚು ದಾಟಿ ಕಾಫಿ ಗಿಡಗಳ ನಡುವೆ ಬಿತ್ತು. ಮೂಳೆ ಮುರಿಯಲಿಲ್ಲ. ಸೈಲೆನ್ಸರ್ ತಾಗಿ ಬಲ ಮೀನಖಂಡದಲ್ಲಿ ಅಂಗೈಯಗಲ ಚರ್ಮ ಸುಟ್ಟಿತು. ತಲೆಯ ಮೇಲಿದ್ದದ್ದು ಅಪ್ಪನ ಹಳೆಯ ಹೆಲ್ಮೆಟ್. ಸಡಿಲವಾಗದಿರಲೆಂದು ಒಳಗೆ ಟವೆಲ್ ತುರುಕಿದ್ದರು.

ಬಿದ್ದವನು ಆ ದಿನವೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಭಯ ಒಳಗೆ ಕೂತುಬಿಡುತ್ತದೆ ಎಂಬುದು ತಂದೆಯ ನಂಬಿಕೆ. ಗಾಯಕ್ಕೆ ಮುಲಾಮು ಹಚ್ಚಿ ಅರ್ಧ ಗಂಟೆಯೊಳಗೆ ಮತ್ತೆ ಕೂರಿಸಿದ್ದರು, ಮುಂದಿನ ಭಾನುವಾರಗಳಲ್ಲೂ ಕೂರಿಸಿದರು.

ಮೊದಲ ಭೇಟಿಯ ಬಹುಪಾಲು ಸಮಯ ಗಂಡಹೆಂಡಿರ ವಾದದಲ್ಲೇ ಕಳೆಯಿತು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ರೇಸ್ ಟ್ರ್ಯಾಕ್‌ನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸ್ಪರ್ಧೆಯೊಂದರಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಬಿದ್ದು ತೀರಿಹೋದ ಸುದ್ದಿಯನ್ನು ತಾಯಿ ಮರೆತಿರಲಿಲ್ಲ. ಅದು ಡಾಂಬರು ಟ್ರ್ಯಾಕ್, ವೇಗವೇ ಬೇರೆ, ಇದಕ್ಕೂ ಅದಕ್ಕೂ ಹೋಲಿಕೆಯಿಲ್ಲ ಎಂದರು ತಂದೆ. ಅದು ನಿಜ, ಆದರೆ ತಾಯಿ ಕೇಳುತ್ತಿದ್ದದ್ದು ಟ್ರ್ಯಾಕ್ ಯಾವುದೆಂದಲ್ಲ. ತಂದೆ ತಮ್ಮ ಪರವಾಗಿ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ ಅವರ ಹೆಸರು ತೆಗೆದರು. 2015ರಲ್ಲಿ ಬಲು ದೂರದ, ಕಠಿಣವಾದ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ನಮ್ಮವರು ಎಂದರು. 2021ರಲ್ಲಿ ಅದೇ ರ್‍ಯಾಲಿಯಲ್ಲಿ ಅವರಿಗೆ ತಲೆಗೆ ಪೆಟ್ಟು ಬಿದ್ದದ್ದನ್ನು ತಾಯಿ ನೆನಪಿಸಿದರು. ಅಮೆರಿಕದಲ್ಲಿ ನಾಲ್ಕು ವರ್ಷದ ಮಕ್ಕಳಿಗೂ 50 ಸಿಸಿ ವಿಭಾಗದ ಸ್ಪರ್ಧೆಗಳಿವೆ ಎಂದು ತಂದೆ ಹೇಳಿದಾಗ, ಅದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಇಂಥ ವಾಹನಗಳು 16 ವರ್ಷದೊಳಗಿನವರಿಗೆ ತಕ್ಕವಲ್ಲವೆಂದು ಹೇಳುತ್ತದೆ ಎಂಬುದನ್ನು ನಾನು ಸೇರಿಸಿದೆ.

ಇಲ್ಲಿ ನನ್ನದೊಂದು ತಪ್ಪನ್ನು ದಾಖಲಿಸಬೇಕು. ಅಷ್ಟು ಕೇಳಿದ ಮೇಲೆ ನನಗೆ ಉತ್ತರ ಸಿಕ್ಕಿತೆನಿಸಿತು: ಮಗುವಿಗೆ ಬೈಕ್ ಎಂದರೆ ಭಯ, ತಂದೆ ಒತ್ತಾಯಿಸುತ್ತಿದ್ದಾರೆ, ಬೈಕ್ ಮನೆಯಿಂದ ಹೋದರೆ ಹಾಸಿಗೆ ಒಣಗುತ್ತದೆ. ಅದನ್ನು ಮಾರಿಬಿಡಬಹುದಲ್ಲ ಎಂದೆ. ಮೂಲೆಯಲ್ಲಿ ಮರದ ತುಂಡುಗಳನ್ನು ಜೋಡಿಸುತ್ತಿದ್ದ ಪುಟ್ಟ ಅದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತ. "ನನ್ನ ಬೈಕ್ ಯಾರಿಗೂ ಕೊಡಬೇಡಿ" ಎಂಬುದು ಅವನ ಅಳುವಿನೊಳಗಿನ ಮಾತು.

ಎರಡನೆಯ ಭೇಟಿಯಲ್ಲಿ ಪುಟ್ಟನೊಬ್ಬನೇ ನನ್ನ ಜೊತೆಗಿದ್ದ. ಕೋಣೆಯಲ್ಲಿದ್ದ ಮೋಟು ಸ್ಟೂಲನ್ನು ಬೈಕ್ ಮಾಡಿಕೊಂಡು, ಸುರುಳಿ ಸುತ್ತಿದ ವೃತ್ತಪತ್ರಿಕೆಯನ್ನು ಹ್ಯಾಂಡಲ್ ಎಂದು ಹಿಡಿದು ಕೂತ. ನಾನು ಮೆಲ್ಲಗೆ "ಬ್ರೇಕ್" ಎಂದಾಗಲೆಲ್ಲ ಬೆರಳುಗಳನ್ನು ಸರಿಯಾಗಿ ಮಡಚುತ್ತಿದ್ದ. ಆಮೇಲೆ, ಹೇಗಿರುತ್ತದೋ ನೋಡೋಣವೆಂದು, ಅಪ್ಪ ಹೇಗೆ ಹೇಳುತ್ತಾರೆ ಎಂದು ಕೇಳಿದೆ. ಅವನೇ ದೊಡ್ಡ ದನಿಯಲ್ಲಿ "ಬ್ರೇಕ್ ಹಿಡಿಯೋ, ಬ್ರೇಕ್ ಹಿಡಿ!" ಎಂದು ಕೂಗಿ ತೋರಿಸಿದ, ಕೂಗುತ್ತಿದ್ದಂತೆ ಭುಜಗಳು ಕಿವಿಯವರೆಗೆ ಏರಿದವು, ಮೈ ಹಿಂದಕ್ಕೆ ವಾಲಿತು, ಎರಡೂ ಮುಷ್ಟಿಗಳು ಬಿಗಿದು ಬಲ ಮಣಿಕಟ್ಟು ತನ್ನತ್ತ ತಿರುಗಿತು. ಬೈಕಿನಲ್ಲಾದರೆ ಆಕ್ಸಿಲರೇಟರ್ ತೆರೆದುಕೊಳ್ಳುವುದು ಮಣಿಕಟ್ಟು ಹೀಗೆ ತಿರುಗಿದಾಗಲೇ. ಪತ್ರಿಕೆ ಮಧ್ಯದಲ್ಲಿ ಮುರಿಯಿತು. "ಅಪ್ಪ ಕೂಗಿದ್ರೆ ಕೈ ಗಟ್ಟಿ ಆಗ್ಬಿಡುತ್ತೆ, ಆಗ ಅದೇ ರೇಸ್ ಆಗುತ್ತೆ," ಎಂದ. ನಾನು ಇದುವರೆಗೆ ಕೇಳಿದ ಅಪಘಾತದ ವಿವರಣೆಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ.

ತಂದೆಗೆ ಮಗುವಿನ ಮನಸ್ಸಿನ ಒತ್ತಡದ ಬಗ್ಗೆ ನಾನು ಹೇಳಿದ್ದ ಮಾತುಗಳು ಅಷ್ಟಾಗಿ ತಟ್ಟಿರಲಿಲ್ಲ. ಮಣಿಕಟ್ಟು ತಿರುಗಿದ ಸಂಗತಿ ಮಾತ್ರ ಕೂಡಲೇ ತಟ್ಟಿತು. ಗಾಬರಿಯಾದ ಹೊಸಬರು ಹಿಡಿ ಬಿಗಿಹಿಡಿದು, ಹಿಂದಕ್ಕೆ ವಾಲಿದಷ್ಟೂ ರೇಸ್ ಹೆಚ್ಚುತ್ತ ಹೋಗುವುದನ್ನು ಅವರು ಟ್ರ್ಯಾಕ್‌ನಲ್ಲಿ ಎಷ್ಟೋ ಸಲ ಕಂಡವರು. ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಆವತ್ತು ಬೈಕನ್ನು ಗಿಡದೊಳಕ್ಕೆ ನುಗ್ಗಿಸಿದ್ದು ನನ್ನ ಗಂಟಲು," ಎಂದರು. ಪುಟ್ಟನಿಗೆ ಭಾನುವಾರ ಬೇಕಾಗಿತ್ತು, ಬೈಕೂ ಬೇಕಾಗಿತ್ತು. ಸಾಕೆನಿಸಿದಾಗ ಇಳಿಯುವ ದಾರಿ ಇರಲಿಲ್ಲ, ಅಷ್ಟೇ. ಅಪ್ಪನ ಮುಖ ಬಾಡುವುದನ್ನು ನೋಡಲಾರದೆ ಅವನು ಬಾಯಿ ಬಿಡುತ್ತಿರಲಿಲ್ಲ. ಬಾಯಿ ಆಡದ್ದನ್ನು ಶನಿವಾರ ರಾತ್ರಿ ಮೈ ಆಡುತ್ತಿತ್ತು.

ನಾನು ಕೊಟ್ಟ ಸಲಹೆಯ ಮೊದಲ ಭಾಗ ಹಾಸಿಗೆಯದು. ಬೈಯುವುದು, ಹಂಗಿಸುವುದು, ಮನೆಗೆ ಬಂದವರೆದುರು ಅದನ್ನು ಪ್ರಸ್ತಾಪಿಸುವುದು ಸಂಪೂರ್ಣವಾಗಿ ನಿಲ್ಲಬೇಕು. ರಾತ್ರಿ ಎಚ್ಚರವಾದರೆ ಸದ್ದಿಲ್ಲದೆ ಬಟ್ಟೆ ಬದಲಿಸಿ ಮಲಗಿಸಬೇಕು. ಸುಟ್ಟಗಾಯ ಪೂರ್ತಿ ಮಾಗುವವರೆಗೂ, ಅದಾದ ಮೇಲೆ ಪುಟ್ಟ ತಾನಾಗಿ ಕೇಳುವವರೆಗೂ ಬೈಕ್ ಶೆಡ್ಡಿನಲ್ಲಿ ಕಣ್ಣಿಗೆ ಬೀಳುವ ಹಾಗೆ ನಿಂತಿರಲಿ ಎಂದೆ. ಬಚ್ಚಿಟ್ಟರೆ ಅದು ಶಿಕ್ಷೆಯಾಗುತ್ತದೆ, ದಿನವೂ ಒರೆಸಿ ತೋರಿಸಿದರೆ ಒತ್ತಾಯವಾಗುತ್ತದೆ.

ಎರಡನೆಯದು ಸೈಕಲ್. ಪುಟ್ಟ ಇನ್ನೂ ಪಕ್ಕದ ಸಣ್ಣ ಚಕ್ರಗಳಿರುವ ಸೈಕಲ್ಲನ್ನೇ ತುಳಿಯುತ್ತಿದ್ದಾನೆ ಎಂಬುದು ಆಗಷ್ಟೇ ನನಗೆ ತಿಳಿದದ್ದು. ಎರಡು ಚಕ್ರದ ಮೇಲೆ ಸಮತೋಲ ಬಾರದ ಮಗುವಿಗೆ ಎಂಜಿನ್ ಕೊಟ್ಟಾಗಿತ್ತು. ಆ ಚಕ್ರಗಳನ್ನೂ ಪೆಡಲ್‌ಗಳನ್ನೂ ಬಿಚ್ಚಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟನ್ನು ಇಳಿಸಿ, ಹುಲ್ಲಿನ ಮೆಲುವಾದ ಇಳಿಜಾರಿನಲ್ಲಿ ಕಾಲಿನಿಂದ ತಳ್ಳಿಕೊಂಡು ಜಾರಲು ಬಿಡಬೇಕು. ಸಮತೋಲ ಬಂದ ಮೇಲೆ ಪೆಡಲ್ ಹಾಕಬೇಕು. ಆಮೇಲೆ ಒಂದು ಆಟ: ಮುಂದೆ ಒಂದು ಚಪ್ಪಲಿ ಇಟ್ಟು, ಅದನ್ನು ತುಳಿಯದಂತೆ ಕೈಬ್ರೇಕ್ ಹಿಡಿದು ನಿಲ್ಲುವುದು. ಹತ್ತಕ್ಕೆ ಹತ್ತು ಸಲ ನಿಂತರೆ ಮಾತ್ರ ಬೈಕಿನ ಮಾತು ಎತ್ತಬಹುದೆಂದು ಒಪ್ಪಂದವಾಯಿತು. ಹೊರಡುವುದು ಯಾವ ಮಗುವಿಗೂ ಬರುತ್ತದೆ, ನಿಲ್ಲಿಸುವುದನ್ನು ಮೈಗೆ ಕಲಿಸಬೇಕು ಎಂಬುದನ್ನು ತಂದೆ ನನಗಿಂತ ಚೆನ್ನಾಗಿ ಬಲ್ಲವರು.

ಮೂರನೆಯದರಲ್ಲೇ ನಾವು ಹೆಚ್ಚು ಹೊತ್ತು ಕೂತೆವು. ಪುಟ್ಟ "ಸಾಕು" ಎಂದರೆ ಅದೇ ಕೊನೆ. ಯಾಕೆ ಎಂದು ಕೇಳುವಂತಿಲ್ಲ, ಇನ್ನೊಂದೇ ಸುತ್ತು ಎನ್ನುವಂತಿಲ್ಲ, ಒಳಗೆ ಹೋಗಿ ಮುಖ ಸಿಂಡರಿಸಿಕೊಳ್ಳುವಂತೆಯೂ ಇಲ್ಲ. ಅವನು ಹೇಳದಿದ್ದರೂ ಹದಿನೈದು ನಿಮಿಷಕ್ಕೆ ನಿಲ್ಲಿಸಬೇಕು, ಏಕೆಂದರೆ ಆ ವಯಸ್ಸಿನವರಿಗೆ ತಮ್ಮ ದಣಿವು ತಿಳಿಯುವುದಿಲ್ಲ. ಕೂಗುವುದರ ಬದಲು ಕೈಸನ್ನೆ. ಮೊಬೈಲಿನಲ್ಲಿ ವಿಡಿಯೋ ಬೇಡ, ನೆಂಟರನ್ನು ಕರೆದು ತೋರಿಸುವುದು ಬೇಡ. ಇದು ತಾಯಿಗೂ ಅನ್ವಯಿಸುತ್ತದೆಂದು ಹೇಳಿದಾಗ ಅವರು ಅಚ್ಚರಿಪಟ್ಟರು. ಅಡುಗೆಮನೆಯ ಕಿಟಕಿಯಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲುವುದನ್ನು, "ಮತ್ತೊಂದು ಸಲ ಬಿದ್ದರೆ ನಿಮ್ಮಪ್ಪನಿಗೆ ಬುದ್ಧಿ ಬರುತ್ತೆ" ಎನ್ನುವುದನ್ನು ಮಗು ನೋಡುತ್ತದೆ, ಕೇಳುತ್ತದೆ. ತಾನು ಬಿದ್ದರೆ ಒಬ್ಬರು ಗೆಲ್ಲುತ್ತಾರೆ ಎಂಬ ಸ್ಥಿತಿಯಲ್ಲಿ ಆರು ವರ್ಷದವನನ್ನು ನಿಲ್ಲಿಸಬಾರದು.

ಉಳಿದವು ತಂದೆಗೆ ಗೊತ್ತಿದ್ದೂ ಬಿಟ್ಟಿದ್ದವು. ಟವೆಲ್ ತುರುಕಿದ ಹೆಲ್ಮೆಟ್ ಹೆಲ್ಮೆಟ್ಟಲ್ಲ. ಮಗುವಿನ ತಲೆಯ ಅಳತೆಯ, ಗಲ್ಲವನ್ನೂ ಮುಚ್ಚುವ, ಐಎಸ್ಐ ಗುರುತಿನ ಹೆಲ್ಮೆಟ್, ಕನ್ನಡಕ, ಕೈಗವಸು, ಮಂಡಿ ಮೊಣಕೈ ಕವಚ, ಕಾಲಗಂಟು ಮುಚ್ಚುವ ಬೂಟು, ದಪ್ಪ ಪ್ಯಾಂಟ್. ಆಕ್ಸಿಲರೇಟರ್ ಎಷ್ಟು ತೆರೆಯಬಹುದೆಂಬುದನ್ನು ಹಿಡಿಯ ಬಳಿಯ ಸ್ಕ್ರೂ ಬಿಗಿದು ತಗ್ಗಿಸಬಹುದೆಂದು ಅವರೇ ನನಗೆ ವಿವರಿಸಿದರು. ದೊಡ್ಡವರು ಪಕ್ಕದಲ್ಲಿ ಬಿರುಸಾಗಿ ನಡೆದರೆ ಸಾಲುವಷ್ಟು ವೇಗಕ್ಕೆ ಇಳಿಸಲು ಹೇಳಿದೆ. ಪಾಚಿಯ ಕಣ ಬೇಡ, ಮಣ್ಣಿನ ನೆಲ ಬೇಕು. ಕೆಲಸದವರ ಲೈನ್ ಮನೆಗಳ ಕಡೆಗೆ ಹೋಗುವ ತೋಟದ ದಾರಿಯಂತೂ ಬೇಡವೇ ಬೇಡ, ಅಲ್ಲಿ ಪಿಕಪ್‌ಗಳು ಓಡಾಡುತ್ತವೆ, ಕೆಲಸದವರ ಮಕ್ಕಳು ಆಡುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಇದೆಯೆಂಬುದನ್ನೂ ತಿಳಿಸಿದೆ. ಇಷ್ಟೆಲ್ಲ ಮಾಡಿದರೆ ಅಪಾಯ ಇಲ್ಲವಾಗುತ್ತದೆ ಎಂದು ನಾನು ಹೇಳಲಿಲ್ಲ. ನನ್ನ ಮಗುವಾಗಿದ್ದರೆ ಇನ್ನೂ ಕೆಲವು ವರ್ಷ ಸೈಕಲ್ಲಿನಲ್ಲೇ ಇರಿಸುತ್ತಿದ್ದೆ ಎಂದೆ, ತೀರ್ಮಾನ ಅವರದು.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹಾಸಿಗೆ ಒದ್ದೆಯಾಗುವುದು ನಿಂತಿತ್ತು. ಎರಡೇ ಚಕ್ರದ ಸೈಕಲ್ ತುಳಿಯುವುದು ಅಕ್ಟೋಬರ್‌ನಲ್ಲಿ ಬಂತು. ನವೆಂಬರ್‌ನಿಂದ ಕಾಫಿ ಕುಯ್ಲು; ಕಣದ ತುಂಬ ಹಣ್ಣು, ತಂದೆಗೆ ಪುರುಸೊತ್ತಿಲ್ಲ, ಬೈಕಿನ ನೆನಪು ಯಾರಿಗೂ ಬರಲಿಲ್ಲ. ಫೆಬ್ರವರಿಯಲ್ಲಿ ಪುಟ್ಟ ತಾನೇ ಕೇಳಿದ. ಕೊಯ್ಲಾಗಿ ಒಣಗಿದ್ದ ಗದ್ದೆಯಲ್ಲಿ ಮೊದಲೆರಡು ವಾರ ಎಂಜಿನ್ ಚಾಲೂ ಮಾಡದೆ ತಳ್ಳುವುದು, ಹತ್ತುವುದು, ಇಳಿಯುವುದು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತುವುದನ್ನಷ್ಟೇ ಮಾಡಿದರಂತೆ. ಮೂರನೆಯ ವಾರ ಎಂಜಿನ್ ಚಾಲೂ ಆಯಿತು. ಎರಡು ಸುತ್ತಿಗೆ ಪುಟ್ಟ "ಸಾಕು" ಎಂದ, ತಂದೆ ಮರುಮಾತಾಡದೆ ಬೈಕನ್ನು ಶೆಡ್ಡಿಗೆ ತಳ್ಳಿದರು. ಅರ್ಧ ಗಂಟೆ ಬಿಟ್ಟು ಹುಡುಗ ಬಂದು, ಸಾಕು ಎಂದದ್ದಕ್ಕೆ ಕೋಪ ಬಂದಿದೆಯೇ ಎಂದು ಕೇಳಿದನಂತೆ. ಇದನ್ನು ನನಗೆ ಹೇಳುವಾಗ ತಂದೆ ಕಿಟಕಿಯ ಕಡೆ ನೋಡುತ್ತಿದ್ದರು.

ಮಾರ್ಚ್‌ನ ಭೇಟಿಯಲ್ಲಿ ಒಂದು ಹೊಸ ವಿಷಯ ಹೊರಬಂತು. ಪುಟ್ಟನ ಮೂರು ವರ್ಷದ ತಂಗಿಯನ್ನು ತಂದೆ ದಿನವೂ ಸಂಜೆ ತಮ್ಮ ದೊಡ್ಡ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ತೋಟದ ಲೆಕ್ಕ ಬರೆಯುವ ರೈಟರ ಮನೆಯವರೆಗೆ ಒಂದು ಸುತ್ತು ಹೊಡೆಸುತ್ತಾರೆ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಒಯ್ಯಬೇಕಾದರೆ ಹಿಂದೆ ಕೂರಿಸಿ, ಸವಾರನಿಗೆ ಕಟ್ಟುವ ಪಟ್ಟಿ ಮತ್ತು ಹೆಲ್ಮೆಟ್ ಹಾಕಿ, ಗಂಟೆಗೆ 40 ಕಿಲೋಮೀಟರ್ ಮೀರದಂತೆ ಓಡಿಸಬೇಕೆಂದು 2022ರಲ್ಲೇ ನಿಯಮ ಬಂದಿದೆ ಎಂದೆ. "ಎಲ್ಲರೂ ಹಾಗೇ ಕೂರಿಸಿಕೊಂಡು ಹೋಗ್ತಾರಲ್ಲ ಮೇಡಂ," ಎಂದು ನಕ್ಕರು. ಅದರ ಬಗ್ಗೆ ನಮ್ಮ ಮಾತು ಇನ್ನೂ ಮುಗಿದಿಲ್ಲ. ಏಪ್ರಿಲ್ ಎರಡನೆಯ ವಾರಕ್ಕೆ ಮತ್ತೆ ಬರಲು ಹೇಳಿದ್ದೇನೆ.